ಚೇರಿಯಿಂದ ಪಾರ್ಲಿಮೆಂಟಿಗೆ

ಚಿದಂಬರಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ವರ್ಣಿಸುವರು: ಒಂದು ನಟರಾಜನ ಸನ್ನಿಧಿ, ಇನ್ನೊಂದು ಅಲ್ಲಿನ ಬಿಸಿಲು. 2024ರ ಬೇಸಿಗೆಯ ರಜೆಯಲ್ಲಿ ನಮ್ಮ ಕಾಲೇಜಿನ ತಮಿಳು ಅಧ್ಯಾಪಕ ಮಿತ್ರರೊಡನೆ ನಾನು ಅಲ್ಲಿಗೆ ಹೋಗಿದ್ದಾಗ ಮೂರನೆಯದೊಂದು ಸಂಗತಿ ಕಣ್ಣಿಗೆ ಬಿದ್ದಿತು. ಲೋಕಸಭೆಯ ಚುನಾವಣೆ ಮುಗಿದು ತಿಂಗಳಾಗಿದ್ದಿತು; ಫಲಿತಾಂಶ ಇನ್ನೂ ಹೊರಬಿದ್ದಿರಲಿಲ್ಲ. ಊರ ಹೊರಗಿನ ಗೋಡೆಗಳ ಮೇಲೆಲ್ಲ ಮಣ್ಣಿನ ಮಡಕೆಯೊಂದರ ಚಿತ್ರ. ಕುಂಬಾರನ ಅಂಗಡಿಯ ಜಾಹೀರಾತೋ ಎಂದು ಕೇಳಿ ಮಿತ್ರರಿಂದ ನಗೆಗೀಡಾದೆ. ಅದು ಒಂದು ರಾಜಕೀಯ ಪಕ್ಷದ ಗುರುತು. ಆ ಪಕ್ಷದ ಹೆಸರು ವಿಡುದಲೈ ಚಿರುತ್ತೈಗಳ್ ಕಚ್ಚಿ. ಕಿವಿಗೆ ಒರಟಾಗಿ ಕೇಳಿಸಿದರೂ ಈ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ. ವಿಡುದಲೈ ಎಂದರೆ ನಮ್ಮ ಬಿಡುಗಡೆ, ಚಿರುತ್ತೈ ಎಂದರೆ ನಮ್ಮ ಚಿರತೆ. ಬಿಡುಗಡೆಯ ಚಿರತೆಗಳ ಪಕ್ಷ.

ದೇವಸ್ಥಾನದ ದಕ್ಷಿಣ ದಿಕ್ಕಿನಲ್ಲಿ ನಿಂತು ಮಿತ್ರರು ನಂದನಾರ್ ಕಥೆಯನ್ನು ಹೇಳಿದರು. ಹರಿಹರನ ರಗಳೆಗಳಿಂದ ಅರುವತ್ತಮೂವರು ಪುರಾತನರು ನಮ್ಮವರೇ ಆಗಿಹೋಗಿದ್ದಾರೆ. ಆ ಅರುವತ್ತಮೂವರಲ್ಲಿ ನಂದನಾರ್ ಒಬ್ಬ. ಆದನೂರಿನ ಹೊಲೆಯ, ಶಿವಭಕ್ತ. ಚಿದಂಬರಕ್ಕೆ ಹೋಗಬೇಕೆಂಬ ಹಂಬಲ. ಹುಟ್ಟಿದ ಕುಲ ನೆನಪಾದೊಡನೆ ಕಾಲು ಏಳದು. 'ನಾಳೆ ಹೋಗುವೆನು' ಎನ್ನುತ್ತಲೇ ದಿನಗಳೆದ. ಅದರಿಂದಲೇ ಅವನಿಗೆ ತಿರುನಾಳೈಪ್ಪೋವಾರ್, ಅಂದರೆ ನಾಳೆ ಹೋಗುವವನು, ಎಂಬ ಹೆಸರು ಬಂದಿತು. ತಿರುಪುಂಕೂರಿನಲ್ಲಿ ಹೊರಗೆ ನಿಂತು ಹಣಿಕಿದವನಿಗೆ ದೇವರು ಕಾಣಲೆಂದು ನಂದಿಯೇ ಪಕ್ಕಕ್ಕೆ ಸರಿದನಂತೆ. ಉಡುಪಿಯಲ್ಲಿ ಕನಕನಿಗಾಗಿ ಕೃಷ್ಣ ತಿರುಗಿದ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ಚಿದಂಬರದಲ್ಲಿ ಯಾರೂ ಸರಿಯಲಿಲ್ಲ, ಯಾರೂ ತಿರುಗಲಿಲ್ಲ. ನಂದ ಬೆಂಕಿಯನ್ನು ಹೊಕ್ಕು ಹೊರಬಂದ ಮೇಲೆ ಮಾತ್ರ ಬಾಗಿಲು ತೆರೆಯಿತು. ಒಳಗೆ ಹೋದವನು ಮತ್ತೆ ಕಾಣಲಿಲ್ಲ.

ಇಂಥ ಊರಿನ ಹೆಸರಿನಲ್ಲಿರುವ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದುದು. ಅಲ್ಲಿಂದ 2009ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ ಗೆದ್ದವರು ಆ ಮಡಕೆಯ ಪಕ್ಷದ ನಾಯಕ ತೊಲ್. ತಿರುಮಾವಳವನ್. ಚುನಾವಣೆಯೇ ಬೇಡವೆಂದು ಹತ್ತು ವರ್ಷ ಜನರನ್ನು ಮತಗಟ್ಟೆಯಿಂದ ದೂರವಿಟ್ಟವರು ಇವರೇ. ಬೇಡವೆಂದವರು ಬೇಕೆಂದುದು ಏಕೆ? ಹಾಗೆ ಎಂದಾಗ ಅವರ ಬೆನ್ನಿಗೆ ನಿಂತಿದ್ದ ಬಡಪಾಯಿಗಳಿಗೆ ಏನಾಯಿತು? ಊರಿಗೆ ಮರಳಿದ ಮೇಲೆಯೂ ನನ್ನನ್ನು ಬಿಡದ ಪ್ರಶ್ನೆಗಳಿವು.

ಊರು ಮತ್ತು ಚೇರಿ

ತಮಿಳುನಾಡಿನ ಹಳ್ಳಿ ಎರಡು ತುಂಡು. ಒಂದು ಊರ್, ಇನ್ನೊಂದು ಚೇರಿ. ಭಾಷಾಶಾಸ್ತ್ರ ಓದಿದವರಿಗೆ ಒಂದು ಮಾತು ಹೊಳೆಯದಿರದು: ನಮ್ಮ ಕಿವಿ ತಮಿಳಿನಲ್ಲಿ ಚೆವಿಯಾದಂತೆ ನಮ್ಮ ಕೇರಿಯೇ ಅಲ್ಲಿ ಚೇರಿ. ಕನ್ನಡದಲ್ಲಿ ಬ್ರಾಹ್ಮಣರ ಕೇರಿಯೂ ಉಂಟು, ಹೊಲಗೇರಿಯೂ ಉಂಟು. ತಮಿಳಿನಲ್ಲಿ ಬರಿಯ ಚೇರಿ ಎಂದರೆ ಸಾಕು, ಯಾರದೆಂದು ಕೇಳಬೇಕಾಗಿಲ್ಲ. ಅಕ್ಷರವೊಂದು ಬದಲಾದುದರಲ್ಲಿ ತಪ್ಪಿಲ್ಲ. ಅರ್ಥ ಕಿರಿದಾದುದರಲ್ಲಿ ಶತಮಾನಗಳ ಕಥೆಯಿದೆ.

ಈ ಚೇರಿಗಳಿಂದ ರಾಜಕೀಯದ ಮಾತು ಎದ್ದುದು ಇತ್ತೀಚೆಗಲ್ಲ. ರೆಟ್ಟಮಲೈ ಶ್ರೀನಿವಾಸನ್ ಅವರು ಪರೈಯರ್ ಮಹಾಜನ ಸಭೆಯನ್ನು ಕಟ್ಟಿದುದು 1891ರಲ್ಲಿ. ಮುಂದೆ ಅವರು ಅಂಬೇಡ್ಕರರೊಡನೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತರು. ಅದೇ ಕಾಲದ ಅಯೋತ್ತಿದಾಸ ಪಂಡಿತರು 1907ರಲ್ಲಿ 'ಒರು ಪೈಸಾ ತಮಿಳನ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಅವರ ಬೌದ್ಧ ಸಂಘದ ಶಾಖೆಗಳು ನಮ್ಮ ಕೋಲಾರದ ಚಿನ್ನದ ಗಣಿಯ ಕೂಲಿಕಾರರ ನಡುವೆ ಬೇರೂರಿದ್ದವು. ಅದೇ ಗಣಿಯ ಊರಿನಿಂದ ಸಿ. ಎಂ. ಆರುಮುಗಂ ಅವರು ರಿಪಬ್ಲಿಕನ್ ಪಕ್ಷದ ಶಾಸಕರಾಗಿ ನಮ್ಮ ವಿಧಾನಸಭೆಯನ್ನು ಹೊಕ್ಕರು. ನೆಲದಾಳದಲ್ಲಿ ದುಡಿದವರಿಗೆ ಪತ್ರಿಕೆಯೂ ಮತಪತ್ರವೂ ಎರಡೂ ಗೊತ್ತಿದ್ದವು. ಚಿದಂಬರದಲ್ಲಿಯೇ ಸ್ವಾಮಿ ಸಹಜಾನಂದರು 1916ರಲ್ಲಿ ನಂದನಾರ್ ಹೆಸರಿನ ಶಾಲೆಯನ್ನು ತೆರೆದರು. ಬೆಂಕಿ ಹೊಗದೆ ಒಳಗೆ ಹೋಗಲು ಅಕ್ಷರವೇ ದಾರಿ ಎಂದು ನಂಬಿದವರು ಅವರು. ಮುಂದೆ ಶಾಸನಸಭೆಯ ಸದಸ್ಯರೂ ಆದರು.

ಆದರೆ ನಮ್ಮ ಕಥೆಯ ಚಿರತೆಗಳು ಹುಟ್ಟಿದುದು ಬೇರೊಂದು ಸಿಟ್ಟಿನಿಂದ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಎಂಬ ತರುಣರ ಸಂಘಟನೆ ಹುಟ್ಟಿತು. ಆ ಕಿಡಿ 1982ರಲ್ಲಿ ಮದುರೆಗೆ ಹಾರಿತು. ಮಲೈಚ್ಚಾಮಿ ಎಂಬ ವಕೀಲರು ಅದನ್ನು ನಡೆಸಿ 1989ರಲ್ಲಿ ತೀರಿಕೊಂಡರು. ಮದುರೆಯ ಸರ್ಕಾರಿ ಅಪರಾಧ ವಿಜ್ಞಾನ ಪ್ರಯೋಗಶಾಲೆಯಲ್ಲಿ ನೌಕರಿಯಲ್ಲಿದ್ದ ಅರಿಯಲೂರು ಸೀಮೆಯ ಯುವಕ ತಿರುಮಾವಳವನ್ ಅವರ ಜಾಗಕ್ಕೆ ಬಂದರು. ಹಗಲು ಸರ್ಕಾರದ ಕೆಲಸ, ರಾತ್ರಿ ಚೇರಿಯಿಂದ ಚೇರಿಗೆ ಭಾಷಣ. ಅಡಗದಿರು, ಮೀರಿ ನಡೆ, ಕೊಡವಿಕೊಂಡು ಏಳು, ಹೊಡೆದರೆ ತಿರುಗಿ ಹೊಡೆ ಎಂಬರ್ಥದ ನಾಲ್ಕು ಘೋಷಣೆಗಳು ಗೋಡೆಗೋಡೆಯ ಮೇಲೆ ಬಂದವು. ನೀಲಿ, ಕೆಂಪು ಬಣ್ಣಗಳ ನಡುವೆ ಬಿಳಿಯ ನಕ್ಷತ್ರವಿರುವ ಧ್ವಜ ಬಂದಿತು.

ಇಲ್ಲಿ ಕನ್ನಡ ಅಧ್ಯಾಪಕನಾದ ನನ್ನ ಮನಸ್ಸಿಗೆ ಹಿಡಿಸಿದ ಒಂದು ಸಂಗತಿಯನ್ನು ಹೇಳಿಬಿಡುವೆನು. ತಿರುಮಾವಳವನ್ ಅವರ ಹೆಸರಿನ ಮುಂದಿನ 'ತೊಲ್' ಎಂಬುದು ತಂದೆಯ ಹೆಸರಾದ ತೊಲ್ಕಾಪ್ಪಿಯನ್ ಎಂಬುದರ ಹ್ರಸ್ವರೂಪ. ತಂದೆಯ ಮೊದಲ ಹೆಸರು ರಾಮಸ್ವಾಮಿ. ತೊಲ್ಕಾಪ್ಪಿಯನ್ ಎಂಬುದು ಮಗನಿಟ್ಟ ಹೆಸರು. ತಮಿಳಿನ ಆದಿವ್ಯಾಕರಣವನ್ನು ರಚಿಸಿದವನ ಹೆಸರನ್ನು, ಅಕ್ಷರದಿಂದ ದೂರವಿಡಲ್ಪಟ್ಟ ಚೇರಿಯ ತಂದೆಗೆ ಮಗ ಇಟ್ಟನು. ನಮ್ಮಲ್ಲಿ ಹೊಲಗೇರಿಯ ತರುಣನೊಬ್ಬ ತನ್ನ ತಂದೆಯನ್ನು ಕೇಶಿರಾಜನೆಂದು ಕರೆದಂತೆ! ಮುಂದೆ ಅವರ ಹಿಂಬಾಲಕರಲ್ಲಿ ಸಹಸ್ರಾರು ಮಂದಿ ಹೀಗೆಯೇ ಅಚ್ಚ ತಮಿಳಿನ ಹೆಸರುಗಳನ್ನು ಇಟ್ಟುಕೊಂಡರು.

ಮೇಲವಳವಿನ ಬಸ್ಸು

ಚುನಾವಣೆಯನ್ನು ಬಹಿಷ್ಕರಿಸಬೇಕೆಂಬುದು ಚಿರತೆಗಳ ಆರಂಭದ ನಿಲುವು. ಇಂದು ಕೇಳಿದರೆ ಅದು ಹಟವೆಂದು ತೋರಬಹುದು. ಅಂದಿನ ಚೇರಿಯವರಿಗೆ ಅದು ಅನುಭವದ ಮಾತಾಗಿದ್ದಿತು. ಅನೇಕ ಹಳ್ಳಿಗಳಲ್ಲಿ ಅವರು ಮತಗಟ್ಟೆಗೆ ಹೋಗುವ ಹೊತ್ತಿಗೆ ಅವರ ಮತ ಬೇರೆಯವರ ಕೈಯಿಂದ ಪೆಟ್ಟಿಗೆಗೆ ಬಿದ್ದಿರುತ್ತಿತ್ತು. ಹಾಕಲಾಗದ ಮತವನ್ನು ಹಾಕುವುದಿಲ್ಲವೆಂದು ಘೋಷಿಸಿದರೆ ಮಾನವಾದರೂ ಉಳಿಯಿತು. ಮೊದಲು ಈ ಇತಿಹಾಸವನ್ನು ಓದಿದಾಗ ನನಗೂ ಆ ಬಹಿಷ್ಕಾರವೇ ಘನವಾದುದೆಂದು ತೋರಿದ್ದಿತು. ಪಕ್ಷ ಕಟ್ಟಿದುದು ಇಳಿತವೆಂದುಕೊಂಡಿದ್ದೆ. ಆ ಅಭಿಪ್ರಾಯವನ್ನು ಬಿಡುವಂತೆ ಮಾಡಿದುದು ಮೇಲವಳವು.

ಮೇಲವಳವು ಮದುರೆ ಜಿಲ್ಲೆಯ ಮೇಲೂರಿನ ಹತ್ತಿರದ ಗ್ರಾಮ. ಸಂವಿಧಾನದ 73ನೆಯ ತಿದ್ದುಪಡಿಯ ಫಲವಾಗಿ 1996ರಲ್ಲಿ ಅಲ್ಲಿನ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮೇಲಿನವರು ಒಪ್ಪಲಿಲ್ಲ. ಮೊದಲ ಸಲ ನಾಮಪತ್ರ ಸಲ್ಲಿಸಿದವರು ಹೆದರಿ ಹಿಂದೆಗೆದರು. ಎರಡನೆಯ ಸಲ ಮತಪೆಟ್ಟಿಗೆಗಳನ್ನೇ ಹೊತ್ತೊಯ್ದರು. ಕಡೆಗೆ ಡಿಸೆಂಬರಿನ ಕೊನೆಯಲ್ಲಿ ಪೊಲೀಸರ ಕಾವಲಿನಲ್ಲಿ ಚುನಾವಣೆ ನಡೆದು ಮುರುಗೇಶನ್ ಎಂಬವರು ಅಧ್ಯಕ್ಷರಾದರು. ಆರು ತಿಂಗಳು ಕಳೆದವು. 1997ರ ಜೂನ್ 30ರಂದು, ಸುಟ್ಟುಹೋದ ಮನೆಗಳ ಪರಿಹಾರದ ವಿಚಾರವಾಗಿ ಮದುರೆಯ ಕಲೆಕ್ಟರ ಕಚೇರಿಗೆ ಹೋಗಿ ಬಸ್ಸಿನಲ್ಲಿ ಹಿಂದಿರುಗುತ್ತಿದ್ದಾಗ, ಹಾಡುಹಗಲು ಬಸ್ಸನ್ನು ನಿಲ್ಲಿಸಿ ಅವರನ್ನೂ ಅವರ ಸಂಗಡಿಗರನ್ನೂ ಕೊಂದರು. ಸತ್ತವರು ಆರು ಮಂದಿ. 2001ರಲ್ಲಿ ಹದಿನೇಳು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. 2019ರಲ್ಲಿ ಅವರಲ್ಲಿ ಹದಿಮೂವರನ್ನು ಸರ್ಕಾರ ಅವಧಿಗೆ ಮೊದಲೇ ಬಿಡುಗಡೆ ಮಾಡಿತು.

ಒಂದು ಪಂಚಾಯಿತಿಯ ಕುರ್ಚಿ. ಅದರ ಆದಾಯವೆಷ್ಟು, ಅಧಿಕಾರವೆಷ್ಟು? ಅದರ ಮೇಲೆ ಇವನು ಕೂಡಬಾರದೆಂದು ಕೊಲ್ಲುವವರಿರುವಾಗ, ಆ ಕುರ್ಚಿಯಲ್ಲಿ ಏನೂ ಇಲ್ಲವೆಂದು ದೂರ ನಿಂತು ಹೇಳುವುದು ನನಗೆ ಸಾಧ್ಯವಾಗಲಿಲ್ಲ. ಮದುರೆ ಜಿಲ್ಲೆಯದೇ ಆದ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಎಂಬ ಮೂರು ಮೀಸಲು ಪಂಚಾಯಿತಿಗಳಲ್ಲಿ ಹತ್ತು ವರ್ಷಗಳ ಕಾಲ ಚುನಾವಣೆ ನಡೆಯಗೊಡಲಿಲ್ಲ. ನಡೆದರೂ ಗೆದ್ದವನು ಆಗಲೇ ರಾಜೀನಾಮೆ ಕೊಡುವಂತೆ ಮಾಡಿದರು. 2006ರಲ್ಲಿ ಮಾತ್ರ ಅಲ್ಲಿ ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತರು.

ಮೇಲವಳವಿನ ನಂತರ ಎರಡು ವರ್ಷಗಳಲ್ಲಿ ಚಿರತೆಗಳು ಬಹಿಷ್ಕಾರವನ್ನು ಬಿಟ್ಟರು. 1999ರಲ್ಲಿ ತಿರುಮಾವಳವನ್ ಸರ್ಕಾರಿ ನೌಕರಿಗೆ ರಾಜೀನಾಮೆಯಿತ್ತು, ತಮಿಳು ಮಾನಿಲ ಕಾಂಗ್ರೆಸ್ಸಿನ ಸೈಕಲ್ ಗುರುತಿನಲ್ಲಿ ಚಿದಂಬರಕ್ಕೆ ನಿಂತರು. ಎರಡು ಲಕ್ಷಕ್ಕೂ ಮೀರಿ ಮತಗಳು ಬಂದರೂ ಸೋತರು. ಆ ಚುನಾವಣೆಯ ದಿನ ಚಿದಂಬರದ ಸುತ್ತಣ ಚೇರಿಗಳಲ್ಲಿ ಜನರನ್ನು ತಡೆದುದೂ ಹೊಡೆದುದೂ ಗುಡಿಸಲುಗಳಿಗೆ ಬೆಂಕಿಯಿಟ್ಟುದೂ ಇಂದಿಗೂ ಆ ಸೀಮೆಯ ಮಾತು.

ನಾವು ಬಾಡಿಗೆಗೆ ಹಿಡಿದ ಆಟೋದ ಚಾಲಕ ಅಂಥ ಒಂದು ಚೇರಿಯವನು. ಅವನ ಮನೆಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವಾಗ ಅವನ ದೊಡ್ಡಪ್ಪ ಮಾತಿಗೆ ಬಂದರು. ಎಪ್ಪತ್ತು ದಾಟಿದ ಕೃಶ ಶರೀರ. ಗದ್ದೆಯ ಕೂಲಿಯಲ್ಲಿಯೇ ಆಯುಸ್ಸು ಸವೆದವರು. ನನ್ನ ಮಿತ್ರರು ಅವರನ್ನು 'ಅಯ್ಯಾ' ಎಂದು ಕರೆದುದು ಅವರಿಗೆ ಸ್ವಲ್ಪ ಮುಜುಗರವನ್ನೂ ಸ್ವಲ್ಪ ಸಂತೋಷವನ್ನೂ ಉಂಟುಮಾಡಿದಂತಿದ್ದಿತು. ಸೈಕಲ್ಲಿಗೆ ಮತ ಹಾಕಿದಿರಾ ಎಂದು ಕೇಳಿದೆವು. "ಹಾಕಲು ಹೋದೆ ತಂಬಿ. ಬೇಲಿಯವರೆಗೆ ಹೋದೆ" ಎಂದರು. ಅಲ್ಲಿಂದ ಓಡಿಸಿದರಂತೆ. ಆ ರಾತ್ರಿ ಹೆಂಗಸರು ಮಕ್ಕಳು ಕಬ್ಬಿನ ಗದ್ದೆಯಲ್ಲಿ ಕಳೆದರಂತೆ. "ಆದರೆ ಹೋದೆವಲ್ಲ! ಅದಕ್ಕೆ ಮುಂಚೆ ಬೇಲಿಯವರೆಗೂ ಹೋದವರಲ್ಲ." ಅವರ ಮುಖದಲ್ಲಿ ಸೋತವರ ಭಾವವಿರಲಿಲ್ಲ. ಪಕ್ಷದ ಕಥೆಯನ್ನು ಗೆಲುವಿನ ಅಂಕಿಗಳಿಂದ ಆರಂಭಿಸಬಾರದೆಂದು ನನಗೆ ಅಂದು ಹೊಳೆಯಿತು.

ಸುಣ್ಣದ ಕೆಳಗಿನ ಗುರುತುಗಳು

ಅನಂತರದ ಕಥೆ ಗುರುತುಗಳ ಕಥೆ. 2001ರಲ್ಲಿ ದ್ರಾವಿಡ ಮುನ್ನೇತ್ರ ಕಳಗಂ ಎಂಟು ವಿಧಾನಸಭಾ ಕ್ಷೇತ್ರಗಳನ್ನು ಬಿಟ್ಟುಕೊಟ್ಟಿತು. ಆದರೆ ಗುರುತು ಮಾತ್ರ ತನ್ನ ಉದಯಸೂರ್ಯನೇ ಆಗಬೇಕು. ಗೆದ್ದವರು ತಿರುಮಾವಳವನ್ ಒಬ್ಬರೇ, ಕಡಲೂರು ಜಿಲ್ಲೆಯ ಮಂಗಳೂರಿನಿಂದ. (ನಮ್ಮ ಮಂಗಳೂರಲ್ಲ, ಅಲ್ಲಿಯೂ ಒಂದು ಮಂಗಳೂರಿದೆ.) ಪರರ ಸೂರ್ಯನ ಕೆಳಗೆ ಗೆದ್ದವನು ಸಭೆಯಲ್ಲಿ ಪರರ ಆಜ್ಞೆಗೆ ಒಳಪಟ್ಟವನು. ಅವರು 2004ರಲ್ಲಿ ಆ ಸ್ಥಾನವನ್ನು ಬಿಟ್ಟುಬಿಟ್ಟರು. ಮತ್ತೆ ಚಿದಂಬರಕ್ಕೆ ನಿಂತು ಮತ್ತೆ ಸೋತರು. 2006ರಲ್ಲಿ ಎದುರಾಳಿ ಅಣ್ಣಾ ದ್ರಮುಕದೊಡನೆ ಸಖ್ಯ, ಎರಡು ಸ್ಥಾನಗಳು. 2009ರಲ್ಲಿ ಮರಳಿ ದ್ರಮುಕದ ಕೂಟ, ನಕ್ಷತ್ರದ ಗುರುತು, ಕಡೆಗೂ ಪಾರ್ಲಿಮೆಂಟು. 2016ರಲ್ಲಿ ಮೂರನೆಯ ರಂಗ, ಉಂಗುರದ ಗುರುತು. ಕಾಟ್ಟುಮನ್ನಾರ್‌ಕೋಯಿಲ್ ಕ್ಷೇತ್ರದಲ್ಲಿ 87 ಮತಗಳಿಂದ ಸೋಲು. 2019ರಲ್ಲಿ ಮಡಕೆ, 3,219 ಮತಗಳಿಂದ ಗೆಲುವು.

ನಗರದಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಇದು ಪಕ್ಷಾಂತರದ ಪಟ್ಟಿಯಂತೆ ತೋರುವುದು. ಚೇರಿಯಲ್ಲಿ ಇದರ ಅರ್ಥ ಬೇರೆ. ಪ್ರತಿ ಚುನಾವಣೆಗೂ ಹಳೆಯ ಗುರುತಿಗೆ ಸುಣ್ಣ ಬಳಿದು ಹೊಸದನ್ನು ಬರೆಯಬೇಕು. ಓದಲಾರದ ಮುದುಕಿಯರಿಗೆ 'ಈ ಸಲ ಸೂರ್ಯನಲ್ಲ ಅಜ್ಜಿ, ನಕ್ಷತ್ರ' ಎಂದು ಬಾಯಿಪಾಠ ಮಾಡಿಸಬೇಕು. ಹೋದ ಚುನಾವಣೆಯಲ್ಲಿ ಯಾರನ್ನು ಶತ್ರುವೆಂದು ಕೂಗಿದರೋ ಅವರ ಕರಪತ್ರವನ್ನು ಈ ಚುನಾವಣೆಯಲ್ಲಿ ಹಂಚಬೇಕು. ನಾಯಕರು ವೇದಿಕೆಯ ಮೇಲೆ ಕೈಕುಲುಕಿ ಮುಗಿಸುವರು. ಹಳ್ಳಿಯಲ್ಲಿ ಕೈಕುಲುಕಬೇಕಾದವನು ಮೊನ್ನೆ ಗುಡಿಸಲಿಗೆ ಬೆಂಕಿಯಿಟ್ಟವನ ತಮ್ಮನೇ ಆಗಿರಬಹುದು.

ಇದು ಉತ್ಪ್ರೇಕ್ಷೆಯಲ್ಲ. ಚಿದಂಬರದಲ್ಲಿ ಎರಡು ಬಾರಿ ತಿರುಮಾವಳವನ್ ಅವರನ್ನು ಸೋಲಿಸಿದ ಪಾಟ್ಟಾಳಿ ಮಕ್ಕಳ್ ಕಚ್ಚಿ ಕೂಡ ಹಿಂದುಳಿದವರ ಚಳವಳಿಯಿಂದಲೇ ಹುಟ್ಟಿದ ಪಕ್ಷ. ವನ್ನಿಯರು ಹೆಚ್ಚಾಗಿ ಸಣ್ಣ ಒಕ್ಕಲುಗಳು, ಕೂಲಿಗಳು. ಡಾಕ್ಟರ್ ರಾಮದಾಸ್ ಅವರ ನಾಯಕತ್ವದಲ್ಲಿ 1987ರ ಸೆಪ್ಟೆಂಬರಿನಲ್ಲಿ ಒಂದು ವಾರ ರಸ್ತೆಗಳನ್ನು ತಡೆದು, ಇಪ್ಪತ್ತೊಂದು ಮಂದಿಯನ್ನು ಕಳೆದುಕೊಂಡು, 1989ರಲ್ಲಿ ಅತ್ಯಂತ ಹಿಂದುಳಿದವರಿಗೆ ಶೇಕಡಾ 20ರ ಮೀಸಲಾತಿಯನ್ನು ಪಡೆದರು. ಅದೇ ವರ್ಷ ಪಕ್ಷವನ್ನೂ ಕಟ್ಟಿದರು. ಒಂದೇ ಗದ್ದೆಯ ಬದುವಿನ ಮೇಲೆ ಎರಡು ಬಡತನಗಳು ಎದುರುಬದುರಾದವು. ನಡುವೆ ಕೆಲಕಾಲ ತಮಿಳು ಭಾಷೆಯ ಹೆಸರಿನಲ್ಲಿ ರಾಮದಾಸ್, ತಿರುಮಾವಳವನ್ ಇಬ್ಬರೂ ಒಂದಾಗಿದ್ದರು. ಬಹಳ ಮಂದಿಗೆ ಆಸೆ ಹುಟ್ಟಿದ್ದಿತು. ಆದರೆ 2012ರ ನವೆಂಬರಿನಲ್ಲಿ, ನಮ್ಮ ಗಡಿಗೆ ದೂರವಲ್ಲದ ಧರ್ಮಪುರಿ ಜಿಲ್ಲೆಯಲ್ಲಿ, ಜಾತಿ ಮೀರಿದ ಒಂದು ವಿವಾಹದ ನೆವದಿಂದ ಮೂರು ದಲಿತ ಕಾಲೊನಿಗಳ ಇನ್ನೂರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಅವು ಗುಡಿಸಲುಗಳಲ್ಲ. ಅಲ್ಲಿನ ಗಂಡಸರು ಬೆಂಗಳೂರು, ತಿರುಪ್ಪೂರುಗಳಲ್ಲಿ ದುಡಿದು ಕಟ್ಟಿಸಿದ್ದ ಗಾರೆಯ ಮನೆಗಳು. ನಮ್ಮ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಕೂಲಿಯ ಹಣ ಅಲ್ಲಿ ಬೂದಿಯಾಯಿತೆಂಬುದನ್ನು ಎಷ್ಟು ಮಂದಿ ಬೆಂಗಳೂರಿಗರು ಬಲ್ಲರು?

ಶಿಫಾರಸು ಪತ್ರ

ಹಾಗಾದರೆ ಚೇರಿಗೆ ಪಕ್ಷದಿಂದ ದೊರೆತುದೇನು? ದೊಡ್ಡಪ್ಪನವರನ್ನು ಕೇಳಿದರೆ ಒಂದು ಕಂಬವನ್ನು ತೋರಿಸಿದರು. ಚೇರಿ ಮುಖ್ಯರಸ್ತೆಯನ್ನು ಕೂಡುವಲ್ಲಿ ನೆಟ್ಟಿದ್ದ ಧ್ವಜಸ್ತಂಭ. ಆ ಕಂಬ ನೆಡುವುದಕ್ಕೆ ಮೂರು ಸಲ ಪ್ರಯತ್ನ ನಡೆದಿದ್ದಿತಂತೆ. ಇಂಥ ಕಂಬಗಳಿಗಾಗಿ ತಮಿಳುನಾಡಿನಲ್ಲಿ ನಡೆದಿರುವ ಜಗಳಗಳಿಗೆ ಲೆಕ್ಕವಿಲ್ಲ. 2021ರಲ್ಲಿ ಸೇಲಂ ಜಿಲ್ಲೆಯ ಮೋರೂರಿನಲ್ಲಿ ನಡೆದ ಗಲಭೆಗೂ ಒಂದು ಧ್ವಜಸ್ತಂಭವೇ ಕಾರಣ. 2025ರ ಜನವರಿಯಲ್ಲಿ ಮದರಾಸು ಹೈಕೋರ್ಟಿನ ಮದುರೆ ಪೀಠ ಸಾರ್ವಜನಿಕ ಸ್ಥಳಗಳಿಂದ ಎಲ್ಲ ಪಕ್ಷಗಳ ಧ್ವಜಸ್ತಂಭಗಳನ್ನೂ ತೆಗೆಯಬೇಕೆಂದು ಆಜ್ಞಾಪಿಸಿತು. ಕಾನೂನಿನ ದೃಷ್ಟಿಯಿಂದ ಎಲ್ಲ ಕಂಬಗಳೂ ಒಂದೇ. ಚೇರಿಯವರ ದೃಷ್ಟಿಯಿಂದ ಮಾತ್ರ ಅದು ಅವರೂ ಆ ರಸ್ತೆಯ ವಾರಸುದಾರರೆಂಬುದಕ್ಕೆ ಇರುವ ಒಂದೇ ಪತ್ರ.

ಎರಡನೆಯದು ಪೊಲೀಸು ಠಾಣೆ. ಹಿಂದೆ ದೂರು ಕೊಡಲು ಹೋದವನು ಹೊರಗೆ ನಿಂತಿರಬೇಕಾಗಿದ್ದಿತು. ಚಳವಳಿಯ ಕಾಲದಲ್ಲಿ ನೂರು ಮಂದಿ ಹೋಗಿ ರಸ್ತೆಯಲ್ಲಿ ಕುಳಿತರೆ ದೂರು ದಾಖಲಾಗುತ್ತಿತ್ತು. ಈಗ ನೂರು ಮಂದಿ ಬೇಡ. ಪಕ್ಷದ ಜಿಲ್ಲಾ ಕಾರ್ಯದರ್ಶಿ ದೂರವಾಣಿಯಲ್ಲಿ ಮಾತನಾಡಿದರೆ ಸಾಕು. ಇದು ಲಾಭವೇ. ಆದರೆ ಇದರ ಮಗ್ಗುಲಲ್ಲಿಯೇ ನಷ್ಟವೂ ಇದೆ. ನೂರು ಮಂದಿ ಕುಳಿತಾಗ ನೂರು ಮಂದಿಯೂ ಮುಖ್ಯರು. ದೂರವಾಣಿಯ ಕಾಲದಲ್ಲಿ ಕಾರ್ಯದರ್ಶಿ ಒಬ್ಬನೇ ಮುಖ್ಯ. ಕೆಲವು ಕಡೆ ಆ ಕಾರ್ಯದರ್ಶಿ ಬಿಳಿಯ ಕಾರು ಕೊಂಡ, ನ್ಯಾಯ ಪಂಚಾಯಿತಿಯ ಹೆಸರಿನಲ್ಲಿ ಎರಡೂ ಕಡೆಯಿಂದ ಹಣ ಪಡೆದ ಎಂಬ ಆಪಾದನೆಗಳು ಹೊರಗಿನವರಿಂದ ಮಾತ್ರವಲ್ಲ, ಒಳಗಿನವರಿಂದಲೂ ಬಂದಿವೆ. 2007ರಲ್ಲಿ ಪಕ್ಷ ತನ್ನ ಪದವಿಗಳನ್ನು ದಲಿತೇತರರಿಗೂ ತೆರೆಯಲು ನಿರ್ಧರಿಸಿತು. ಎಲ್ಲರ ಪಕ್ಷವಾಗಬೇಕಾದರೆ ಅದು ಅನಿವಾರ್ಯ. ಆದರೆ ಹೊಡೆತ ತಿಂದು ಜೈಲು ಕಂಡವನ ಕಣ್ಣೆದುರಿಗೆ ನಿನ್ನೆ ಬಂದ ಹಣವಂತ ಕುರ್ಚಿಯೇರಿದಾಗ ಆತನಿಗೆ ಹೇಗಾಗಿರಬೇಕು? ಇನ್ನೊಂದು ಕಡೆ, ಇದೇ ನೀತಿಯಿಂದಲ್ಲವೇ 2021ರಲ್ಲಿ ಪಕ್ಷ ಗೆದ್ದ ನಾಲ್ಕು ಸ್ಥಾನಗಳಲ್ಲಿ ಎರಡು, ನಾಗಪಟ್ಟಿಣಂ ಮತ್ತು ತಿರುಪ್ಪೋರೂರು, ಮೀಸಲಲ್ಲದ ಸಾಮಾನ್ಯ ಕ್ಷೇತ್ರಗಳಾದುದು? 'ನಿಮಗೆ ಮೀಸಲು ಕ್ಷೇತ್ರವೇ ಸಾಕು' ಎಂಬ ದೊಡ್ಡ ಪಕ್ಷಗಳ ಮಾತಿಗೆ ಅದು ತಕ್ಕ ಉತ್ತರವಾಗಿದ್ದಿತು. ಎರಡನ್ನೂ ತಕ್ಕಡಿಯಲ್ಲಿ ತೂಗಿ ಯಾವುದು ಹೆಚ್ಚೆಂದು ಹೇಳುವ ಧೈರ್ಯ ನನಗಿಲ್ಲ.

ತೂಕ ಕಠಿಣವಾಗುವುದು ಪಕ್ಷ ಆಳುವವರ ಮಿತ್ರನಾದಾಗ. 2022ರ ಡಿಸೆಂಬರಿನಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ವೇಂಗೈವಯಲ್ ಎಂಬಲ್ಲಿ ದಲಿತರು ಕುಡಿಯುವ ನೀರಿನ ತೊಟ್ಟಿಯಲ್ಲಿ ಮಲ ಬೆರೆತಿರುವುದು ಕಂಡುಬಂದಿತು. ಬರೆಯಲು ಲೇಖನಿ ಹೇಸುವಂಥ ಸಂಗತಿ. ಚಿರತೆಗಳು ಆಳುವ ದ್ರಮುಕ ಕೂಟದಲ್ಲಿದ್ದರು. ಪ್ರತಿಭಟಿಸಿದರು, ಮನವಿ ಕೊಟ್ಟರು, ಕೂಟವನ್ನು ಬಿಡಲಿಲ್ಲ. ಎರಡು ವರ್ಷಗಳ ತನಿಖೆಯ ನಂತರ, 2025ರ ಜನವರಿಯಲ್ಲಿ, ಪೊಲೀಸರು ಆಪಾದಿತರೆಂದು ಹೆಸರಿಸಿದುದು ಅದೇ ಊರಿನ ಮೂವರು ದಲಿತರನ್ನೇ! ತಿರುಮಾವಳವನ್ ಇದನ್ನು ಒಪ್ಪದೆ ಕೇಂದ್ರ ತನಿಖಾದಳಕ್ಕೆ ವಹಿಸಬೇಕೆಂದು ಕೇಳಿದರು. ಹತ್ತು ವರ್ಷ ಮತವೇ ಬೇಡವೆಂದಿದ್ದ ದಿನಗಳಲ್ಲಾಗಿದ್ದರೆ ರಾಜ್ಯದ ರಸ್ತೆಗಳೆಲ್ಲ ತುಂಬುತ್ತಿದ್ದವು ಎಂದು ಹಳೆಯ ಕಾರ್ಯಕರ್ತರು ನಿಟ್ಟುಸಿರಿಡುವರು. ನಮ್ಮ ಹಳ್ಳಿಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿಯಿದ್ದಿತಷ್ಟೆ. ಅಧಿಕಾರದಲ್ಲಿರುವವರ ಬಾಗಿಲ ಮೇಲೆಯೂ ಆ ಎರಡು ಶಬ್ದಗಳೇ ಇರುತ್ತವೆ. ಮಿತ್ರರಿಗೆ ಮಾತ್ರ ಅವನ್ನು ಸ್ವಲ್ಪ ನಯವಾಗಿ ಓದಿ ಹೇಳುವರು.

ಇವೆಲ್ಲ ಪರರಾಜ್ಯದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ 'ಬೂಸಾ' ಮಾತಿನ ಗಲಭೆಯ ಬೆನ್ನಲ್ಲಿ ಎದ್ದ ನಮ್ಮ ದಲಿತ ಸಂಘರ್ಷ ಸಮಿತಿ, ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ಹಾಡುಗಳಿಂದಲೂ ಜಾಥಾಗಳಿಂದಲೂ ಹಳ್ಳಿಹಳ್ಳಿಯನ್ನು ಎಬ್ಬಿಸಿತು. ಆದರೆ ಚುನಾವಣೆಗೆ ಇಳಿಯಬೇಕೆ, ಇಳಿದರೆ ಯಾರ ಜೊತೆ ಎಂಬ ಕವಲಿನಲ್ಲಿ ಒಡೆದು ಹಲವಾಯಿತು. ಚಿರತೆಗಳು ಒಂದು ಪಕ್ಷವಾಗಿ ಸವೆದರು. ನಮ್ಮವರು ಒಂದೂ ಪಕ್ಷವಾಗದೆ ಎಲ್ಲ ಪಕ್ಷಗಳಿಗೂ ಹಂಚಿಹೋದರು. ಬಹುಜನ ಸಮಾಜ ಪಕ್ಷದಿಂದ 2018ರಲ್ಲಿ ಕೊಳ್ಳೇಗಾಲದಲ್ಲಿ ಗೆದ್ದು ಮಂತ್ರಿಯಾದ ಎನ್. ಮಹೇಶ್ ಅವರು ಮರುವರ್ಷವೇ ಆ ಪಕ್ಷದಿಂದ ಹೊರಗಾದುದನ್ನು ಎಲ್ಲರೂ ಬಲ್ಲರು. ಅವರ ಗೆಲುವಿಗಾಗಿ ವರ್ಷಗಟ್ಟಲೆ ಸೈಕಲ್ ತುಳಿದ ಹುಡುಗರ ಮನಸ್ಸಿನಲ್ಲಿ ಅಂದು ಏನಾಯಿತೆಂದು ಯಾರೂ ಬರೆದಂತೆ ಕಾಣೆ.

ನಾವು ಹೊರಡುವಾಗ ಬಿಸಿಲು ಇಳಿಯುತ್ತಿದ್ದಿತು. ದೊಡ್ಡಪ್ಪನವರು ರಸ್ತೆಯವರೆಗೂ ಬಂದರು. ಈ ಸಲ ಗೆಲ್ಲುವರೇ ಎಂದು ಕೇಳಿದುದಕ್ಕೆ ಅವರು ನೇರವಾಗಿ ಉತ್ತರಿ��ಲಿಲ್ಲ. ಬೆಳಿಗ್ಗೆ ಏಳಕ್ಕೇ ಹೋಗಿ, ಎಲ್ಲರಿಗಿಂತ ಮುಂದೆ ಸಾಲಿನಲ್ಲಿ ನಿಂತು, ತಾವೇ ಗುಂಡಿಯೊತ್ತಿದುದನ್ನು ಹೇಳಿದರು. ಹೇಳುವಾಗ ಬಲಗೈಯ ತೋರುಬೆರಳು ತಾನಾಗಿ ಮುಂದೆ ಬಂದಿತು. ಆಮೇಲೆ, ಗೆದ್ದವರು ಈ ಚೇರಿಗೆ ಒಮ್ಮೆ ಬರಬೇಕೆಂದರು. ಕುಡಿಯುವ ನೀರಿನ ಕೊಳಾಯಿಯ ವಿಷಯ ಐದು ವರ್ಷದಿಂದ ಹಾಗೆಯೇ ಇದೆಯಂತೆ.

ಜೂನ್ 4ರಂದು ಫಲಿತಾಂಶ ಬಂದಿತು. ಚಿದಂಬರದಲ್ಲಿ ಮಡಕೆಗೆ ಒಂದು ಲಕ್ಷಕ್ಕೂ ಮೀರಿದ ಅಂತರದ ಜಯ; ವಿಳುಪ್ಪುರದಲ್ಲಿಯೂ ಜಯ. ಮರುವರ್ಷದ ಜನವರಿಯಲ್ಲಿ ಚುನಾವಣಾ ಆಯೋಗ ಪಕ್ಷಕ್ಕೆ ರಾಜ್ಯಪಕ್ಷದ ಮನ್ನಣೆ ಕೊಟ್ಟು, ಮಡಕೆಯ ಗುರುತನ್ನು ಕಾಯಂ ಆಗಿ ಅದಕ್ಕೇ ಬಿಟ್ಟಿತು. ಆಟೋ ಚಾಲಕನ ಮನೆಯ ಪಕ್ಕದ ಗೋಡೆ ನನಗೆ ನೆನಪಾಯಿತು. ಅಲ್ಲಿ ಮಡಕೆಯ ಕೆಳಗೆ ಸುಣ್ಣ ಉದುರಿದ ಕಡೆ ಒಂದು ಉಂಗುರದ ಅಂಚು, ಅದರಡಿಯಲ್ಲಿ ನಕ್ಷತ್ರದ ಒಂದು ಮೂಲೆ ಕಾಣುತ್ತಿತ್ತು. ಅದನ್ನು ಅಳಿಸಿ ಇನ್ನೊಂದನ್ನು ಬರೆಯುವ ಕೆಲಸ ಆ ಹುಡುಗರಿಗೆ ಇನ್ನು ತಪ್ಪಿತು. ಕೊಳಾಯಿ ಬಂದಿತೇ ಎಂದು ಮಿತ್ರರು ಚಾಲಕನಿಗೆ ದೂರವಾಣಿ ಮಾಡಿ ವಿಚಾರಿಸಿದರು. ಪೈಪು ತಂದು ಹಾಕಿದ್ದಾರಂತೆ, ಅಗೆಯುವುದು ಬಾಕಿಯಂತೆ.